ಪ್ರಶ್ನೋತ್ತರ: ಆಸ್ಪತ್ರೆ ಆಡಳಿತ ಕೋರ್ಸ್, ಖರ್ಚೆಷ್ಟು? ಸಿಗುವುದೇನು?

ಅಡ್ಮಿನ್: ಇವತ್ತು ಉತ್ತರಿಸುವವರು ಆಸ್ಪತ್ರೆ ಆಡಳಿತಾಧಿಕಾರಿ ಶೈಲಜಾ ಮೇಡಂ. ಒಬ್ಬರಿಗೆ ಒಂದೇ ಪ್ರಶ್ನೆ.

ರಶ್ಮಿ: ಮೇಡಂ, ನಾನು ವಾರ್ಡ್ ನರ್ಸ್. ಎರಡು ವರ್ಷದ ಫುಲ್‌ಟೈಮ್ ಕೋರ್ಸ್‌ನಲ್ಲಿ ಪ್ಲೇಸ್‌ಮೆಂಟ್ 70%. ಮೂರು ವರ್ಷದ ಆನ್‌ಲೈನ್‌ನಲ್ಲಿ ಫೀಸ್ ಅರ್ಧ, ಪ್ಲೇಸ್‌ಮೆಂಟ್ 90%. ಆನ್‌ಲೈನೇ ಸೇರಿಬಿಡಲಾ?

ಶೈಲಜಾ: ಆ 90% ನೋಡಿ ಮಾತ್ರ ಸೇರಬೇಡಿ. 60 ಜನ ಸೇರಿದರು, 45 ಜನ ಮುಗಿಸಿದರು, ಕಾಲೇಜಿನ ಸಮೀಕ್ಷೆಗೆ ಉತ್ತರ ಕೊಟ್ಟವರು 30, ಅವರಲ್ಲಿ ಕೆಲಸದಲ್ಲಿರುವವರು 27 ಅಂದುಕೊಳ್ಳಿ. 30ಕ್ಕೆ 27, ಬ್ರೋಷರ್‌ನಲ್ಲಿ 90%. ಸೇರಿದ 60ಕ್ಕೆ ಲೆಕ್ಕ ಹಾಕಿದರೆ ಖಾತ್ರಿಯಾಗಿ ಹೇಳಬಹುದಾದದ್ದು 45% ಮಾತ್ರ. ಆನ್‌ಲೈನ್‌ನಲ್ಲಿ ಇನ್ನೊಂದು ಕೈಚಳಕ ಇದೆ: ಓದುವವರಲ್ಲಿ ಬಹಳ ಜನ ಮೊದಲೇ ಕೆಲಸದಲ್ಲಿರುತ್ತಾರೆ. ಕೋರ್ಸ್ ಮುಗಿಸಿ ಅದೇ ವಾರ್ಡಿನಲ್ಲೇ ಉಳಿದರೂ ‘ಉದ್ಯೋಗಸ್ಥ’ ಅಂತ ಎಣಿಕೆಯಾಗುತ್ತದೆ. ಹಾಗಾಗಿ ಹುದ್ದೆಯ ಹೆಸರುಗಳ ಪಟ್ಟಿ ಕೇಳಿ. ಬಿಲ್ಲಿಂಗ್ ಕೌಂಟರ್ ಎಷ್ಟು, ಕ್ವಾಲಿಟಿ ವಿಭಾಗ ಎಷ್ಟು, ಆಪರೇಷನ್ಸ್ ಎಷ್ಟು? ಸಂಬಳದ ಸರಾಸರಿ ಬೇಡ, ಮಧ್ಯಾಂಕ ಕೇಳಿ, ಅಂದರೆ ಎಲ್ಲರ ಸಂಬಳ ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಸಂಬಳ. ಒಬ್ಬನಿಗೆ ಬಂದ ದೊಡ್ಡ ಸಂಬಳ ಸರಾಸರಿಯನ್ನು ಎತ್ತಿಬಿಡುತ್ತದೆ.

ಇನ್ನು ಖರ್ಚು. ಫುಲ್‌ಟೈಮ್‌ಗೆ ಫೀಸ್ ಜೊತೆ ಎರಡು ವರ್ಷ ಬಿಟ್ಟುಕೊಡುವ ಸಂಬಳವನ್ನೂ ಸೇರಿಸಿ. ಸಾಲವಾದರೆ, ವರ್ಷಕ್ಕೆ 10% ಚಕ್ರಬಡ್ಡಿಯಲ್ಲಿ ಮೊದಲ ದಿನ ತೆಗೆದ 100 ಎರಡು ವರ್ಷಕ್ಕೆ 121 ಆಗಿರುತ್ತದೆ. ಆನ್‌ಲೈನ್‌ಗೆ ಮರುಪರೀಕ್ಷೆ ಫೀಸ್, ವಿಳಂಬವಾದ ಸೆಮಿಸ್ಟರ್ ಸೇರಿಸಿ.

ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಇಂಟರ್ನ್‌ಶಿಪ್‌ನದು. ವಾರ್ಡ್ ನಿಮಗೆ ಗೊತ್ತು. ಬಜೆಟ್, ಖರೀದಿ, ವಿಮಾ ಕ್ಲೇಮ್ ನಿರಾಕರಣೆ, ಬೆಡ್ ನಿರ್ವಹಣೆ ಗೊತ್ತಿಲ್ಲದೆ ಆಡಳಿತ ಹುದ್ದೆ ಸಿಗುವುದು ಕಷ್ಟ. ಆನ್‌ಲೈನ್‌ನವರು ‘ನಿಮ್ಮದೇ ಆಸ್ಪತ್ರೆಯಲ್ಲಿ ಮಾಡಿಕೊಳ್ಳಿ’ ಅಂದರೆ, ಮೊದಲು ನಿಮ್ಮ ಮೇಲಧಿಕಾರಿಯಿಂದ ಯಾವ ವಿಭಾಗ, ಎಷ್ಟು ಗಂಟೆ ಅಂತ ಬರವಣಿಗೆಯಲ್ಲಿ ತನ್ನಿ. ಸಿಕ್ಕರೆ ಆನ್‌ಲೈನ್ ಸಾಕು. ಸಿಗದಿದ್ದರೆ ಅರ್ಧ ಫೀಸೂ ದಂಡ. ಆಸ್ಪತ್ರೆಯೇ ಫೀಸ್ ಕಟ್ಟುವುದಾದರೆ ಬಾಂಡ್ ಎಷ್ಟು ವರ್ಷ, ನಡುವೆ ಬಿಟ್ಟರೆ ವಾಪಸ್ ಎಷ್ಟು, ಓದಿ ಸಹಿ ಹಾಕಿ.

ಗಿರೀಶ್: ಯಾವ ಕೋರ್ಸ್‌ನಲ್ಲಿ ಪ್ಲೇಸ್‌ಮೆಂಟ್ ಜಾಸ್ತಿ ಮೇಡಂ?

ಶೈಲಜಾ: ಮೇಲೆ ಬರೆದಿದ್ದೇನೆ.

ಮಂಜುನಾಥ: *ಫಾರ್ವರ್ಡ್ ಆಗಿದೆ:* ಟಾಪ್ 10 ಕಾಲೇಜು, 100% ಕೆಲಸ ಗ್ಯಾರಂಟಿ!! ಅಮೆರಿಕದ ಸಿಎಎಚ್‌ಎಂಇ ಮಾನ್ಯತೆ ಪಡೆದ ಬ್ಯಾಚುಲರ್ ಪದವಿ!!

ಶೈಲಜಾ: ಸಿಎಎಚ್‌ಎಂಇ ಅಂದರೆ ಆರೋಗ್ಯ ಆಡಳಿತ ಕೋರ್ಸ್‌ಗಳನ್ನು ಪರಿಶೀಲಿಸುವ ಅಮೆರಿಕದ ಸಂಸ್ಥೆ. ಅದು ಮಾನ್ಯತೆ ಕೊಡುವುದು ಸ್ನಾತಕೋತ್ತರ ಕೋರ್ಸ್‌ಗಳಿಗೆ. ಬ್ಯಾಚುಲರ್ ಪದವಿಗೆ ಅಲ್ಲಿ ಎಯುಪಿಎಚ್‌ಎ ಎಂಬ, ಇಂಥ ಕೋರ್ಸ್ ನಡೆಸುವ ವಿಶ್ವವಿದ್ಯಾಲಯಗಳ ಸಂಘದ ಪ್ರಮಾಣೀಕರಣ ಇದೆ, ಅದು ಬೇರೆ. ಎರಡೂ ಆಯಾ ಕೋರ್ಸ್‌ಗೆ ಸಿಗುವಂಥವು, ಇಡೀ ವಿಶ್ವವಿದ್ಯಾಲಯಕ್ಕಲ್ಲ. ಇಂಥದ್ದನ್ನು ಹಂಚುವ ಮುಂಚೆ ಒಮ್ಮೆ ಓದಿ ನೋಡಿ ಮಂಜುನಾಥ್.

ಮಂಜುನಾಥ: ಬಂದದ್ದನ್ನು ಕಳಿಸಿದೆ ಅಷ್ಟೇ.

ವಿನಯ್: ನರ್ಸ್‌ಗಳಿಗೆ ಇದೆಲ್ಲ ಯಾಕೆ? ಲೆಕ್ಕಪತ್ರ ಎಂಬಿಎ ಮಾಡಿದವರ ಕೆಲಸ.

ರಶ್ಮಿ: ಡಿಸ್ಚಾರ್ಜ್ ಯಾಕೆ ತಡವಾಗುತ್ತೆ ಅಂತ ನಿಮ್ಮ ಎಂಬಿಎಯವರಿಗೆ ಗೊತ್ತೇನ್ರಿ?

ವಿನಯ್: ಗೊತ್ತಿಲ್ಲದೆ ಆಸ್ಪತ್ರೆ ನಡೆಸುತ್ತಾರಾ?

ಸುಮಾ: ಪಬ್ಲಿಕ್ ಹೆಲ್ತ್ ಮಾಡಿದರೂ ಇದೇ ಹುದ್ದೆ ಸಿಗುತ್ತಾ ಮೇಡಂ?

ರಶ್ಮಿ: ನಡೆಸುತ್ತಾರೆ, ಅದಕ್ಕೇ ಔಷಧ ಕ್ಲಿಯರೆನ್ಸ್‌ಗೆ ರೋಗಿ ಮೂರು ಗಂಟೆ ಕಾಯೋದು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮೆಸೇಜ್ ಬಂದರೆ ತೆಗೆದುಹಾಕ್ತೀನಿ.

ಗಿರೀಶ್: ಮೇಡಂ, ಕಾಲೇಜಿನವರು ಹುದ್ದೆಗಳ ಪಟ್ಟಿ ಕೊಡಲ್ಲ ಅಂದರೆ?

ಶೈಲಜಾ: ಕೊಡದಿರುವುದೇ ಉತ್ತರ. ಮುಂದಿನ ಕಾಲೇಜು ನೋಡಿ.

ಸುಮಾ: ಮೇಡಂ, ನನ್ನ ಪ್ರಶ್ನೆ?