ಸೀಕ್ವೆನ್ಸಿಂಗ್ ರಿಪೋರ್ಟ್ ಬಂತು, ಈಗ ನಮ್ಮಿಬ್ಬರ ರಕ್ತವೂ ಬೇಕಂತೆ. ಕೊಡಬೇಕಾ?

ಪುಟ್ಟಿಯ ಅಮ್ಮ, ಮಂಡ್ಯ:
ಮಗಳಿಗೆ ಎರಡೂವರೆ ವರ್ಷ. ಮೊದಲ ಫಿಟ್ಸ್ ಬಂದಿದ್ದು ಆರು ತಿಂಗಳ ಕೂಸಾಗಿದ್ದಾಗ. ಅಜ್ಜಿ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಹಂಡೆಯ ಬಿಸಿನೀರು ಹುಯ್ಯುತ್ತಿದ್ದರು. ಎಡಗೈ ಅದುರಲು ಶುರುವಾಯಿತು, ಅರ್ಧ ಗಂಟೆ ನಿಲ್ಲಲಿಲ್ಲ. ಆಮೇಲೆ ಜ್ವರ ಬಂದಾಗಲೆಲ್ಲ ಇದೇ ಕತೆ. ಒಬ್ಬ ಡಾಕ್ಟರ್ ಕಾರ್ಬಮಾಝೆಪಿನ್ ಬರೆದುಕೊಟ್ಟರು. ಫಿಟ್ಸ್ ಜಾಸ್ತಿಯೇ ಆಯ್ತು, ಈಗಲೂ ಅದೇ ಮಾತ್ರೆ ನಡೆಯುತ್ತಿದೆ. ಹೊಸ ಡಾಕ್ಟರ್ ಎಕ್ಸೋಮ್ ಸೀಕ್ವೆನ್ಸಿಂಗ್ ಅನ್ನುವ, ಜೀನ್‌ಗಳನ್ನು ಓದಿ ನೋಡುವ ಪರೀಕ್ಷೆ ಮಾಡಿಸಿದರು. ಎಸ್‌ಸಿಎನ್1ಎ ಅನ್ನುವ ಜೀನ್‌ನಲ್ಲಿ ಒಂದು ಬದಲಾವಣೆ ಇದೆಯಂತೆ, ಆದರೆ ಪಕ್ಕದಲ್ಲಿ 'ವಿಯುಎಸ್' ಎಂದು ಬರೆದಿದೆ.

ನಾನು ಮದುವೆಯಾಗಿದ್ದು ಸೋದರಮಾವನನ್ನೇ. ಸಂಬಂಧ ಕೂಡಿಸಿದ್ದು ಅಜ್ಜಿ. 'ಒಳಸಂಬಂಧ, ಅದಕ್ಕೇ ಹೀಗೆ' ಎಂದು ನೆಂಟರು ಅಂದ ದಿನದಿಂದ ಅಜ್ಜಿ ಮಗುವಿಗೆ ನೀರು ಹಾಕುವುದನ್ನೇ ಬಿಟ್ಟಿದ್ದಾರೆ. ರಕ್ತ ಕೊಟ್ಟ ಮೇಲೆ ರಿಪೋರ್ಟಲ್ಲೂ ಅದೇ ಬಂದ್ರೆ?

ಲ್ಯಾಬಿನವನು:
ಕೊಡಿ ಮೇಡಂ. ವಿಯುಎಸ್ ಅಂದ್ರೆ ಅದು ರೋಗ ತರುವಂಥದ್ದೋ, ಸುಮ್ನೆ ಇರುವಂಥದ್ದೋ ಇನ್ನೂ ತೀರ್ಮಾನ ಆಗಿಲ್ಲ ಅಂತ. ಹೋಲಿಸಿ ನೋಡಲು ನಮ್ಮ ಜನರ ದಾಖಲೆಯೇ ಕಡಿಮೆ ಇತ್ತು. ಜೀನೋಮ್ ಇಂಡಿಯಾ ಯೋಜನೆಯವರು ನಮ್ಮ ದೇಶದ 10,000 ಜನರ ಜೀನ್‌ಗಳನ್ನು ಓದಿದ ಮೇಲೆ ಸ್ವಲ್ಪ ಅನುಕೂಲ ಆಗಿದೆ. ನಿಮ್ಮ ವಿಷಯದಲ್ಲಿ ಅದಕ್ಕಿಂತ ಬೇಗ ಉತ್ತರ ಸಿಗೋದು ನಿಮ್ಮಿಬ್ಬರ ರಕ್ತದಲ್ಲೇ. ಫಿಟ್ಸೇ ಇಲ್ಲದ ನಿಮ್ಮಲ್ಲೂ ಅದೇ ಬದಲಾವಣೆ ಇದ್ದರೆ ಅದರ ಮೇಲಿನ ಅನುಮಾನ ಕಡಿಮೆ. ಇಬ್ಬರಲ್ಲೂ ಇಲ್ಲದಿದ್ದರೆ ಅದು ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ಹೆಚ್ಚಾಗಿ ಈ ಜೀನ್ ಕೆಟ್ಟು ಬರುವ ಫಿಟ್ಸ್ ಕಾಯಿಲೆಗೆ ಡ್ರಾವೆ ಸಿಂಡ್ರೋಮ್ ಅಂತಾರೆ, ಅದು ಇರುವ ಮಕ್ಕಳಲ್ಲಿ ಹೆಚ್ಚಿನವರದ್ದು ಹೀಗೇ. ಜೀನಿನ ಎರಡು ಪ್ರತಿಯಲ್ಲಿ ಒಂದು ಕೆಟ್ಟರೂ ಸಾಕು. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕಾದ ಕಾಯಿಲೆಗಳಲ್ಲಿ ಒಳಸಂಬಂಧದ ಭಯ ಜಾಸ್ತಿ. ಇದು ಆ ಜಾತಿಯದ್ದಲ್ಲ.

ಹಾಸನದ ಗೆಳತಿ:
ಅಕ್ಕ, ನನ್ನ ಮಗನಿಗೂ ಇದೇ ಜೀನ್. ಆ ಮಾತ್ರೆ ಇಂಥ ಮಕ್ಕಳಿಗೆ ಉಲ್ಟಾ ಹೊಡೆಯಬಹುದು. ನೀವಾಗಿ ನಿಲ್ಲಿಸಬೇಡಿ, ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ.

ಪುಟ್ಟಿಯ ಅಮ್ಮ, ಆರು ವಾರದ ನಂತರ:
ನಮ್ಮಿಬ್ಬರಲ್ಲೂ ಇಲ್ಲ! 'ರೋಗಕ್ಕೆ ಕಾರಣ ಆಗಿರುವ ಸಾಧ್ಯತೆ ಹೆಚ್ಚು' ಎಂದು ರಿಪೋರ್ಟ್ ತಿದ್ದಿ ಕೊಟ್ಟಿದ್ದಾರೆ. ಮಾತ್ರೆ ಬದಲಾಯಿಸಿದ್ದಾರೆ. ಫಿಟ್ಸ್ ನಿಂತಿಲ್ಲ, ಕಡಿಮೆ ಆಗಿದೆ. ಇನ್ನೊಂದು ಮಗು ಆದರೆ ಅದಕ್ಕೂ ಬರುವ ಸಣ್ಣ ಸಾಧ್ಯತೆ ಇದ್ದೇ ಇರುತ್ತದಂತೆ, ಆ ಮಾತು ಆಮೇಲೆ.

ಅಜ್ಜಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ನೀರು?' ಅಂದರು. ಬಿಸಿ ಕಡಿಮೆ ಇರಲಿ ಅಂದೆ. ಈಗ ಮೊಣಕೈ ಅದ್ದಿ ನೋಡಿ ಹುಯ್ಯುತ್ತಾರೆ. ನನ್ನ ಕೇಳಿದರೆ ತೀರಾ ತಣ್ಣಗಾಯ್ತು, ಮಗು ಬೈಯುತ್ತಾ ಏಳುತ್ತೆ.