ಕುಮಟಾ ಪೇಟೆ ಬೆಳೆದದ್ದು ಹೇಗೆ? ಶಾಲೆ ಮಕ್ಕಳಿಗೆ ಹೇಳಲು ಮಾಹಿತಿ ಬೇಕಿತ್ತು

ಗದಗಿನ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವಳು. ಈಗ ಕುಮಟಾ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಏಳನೇ ತರಗತಿಯವರಿಗೆ ‘ನಮ್ಮೂರು’ ಅಂತ ಒಂದು ಪ್ರಾಜೆಕ್ಟ್ ಕೊಟ್ಟಿದ್ದೆ. ಬಂದದ್ದು ನೋಡಿ ಬೇಸರವಾಯಿತು. ಎಲ್ಲರದ್ದೂ ಓಂ ಬೀಚು, ಯಾಣ, ಮಿರ್ಜಾನ್ ಕೋಟೆ. ಮೊಬೈಲಿನಿಂದ ಫೋಟೊ ಪ್ರಿಂಟ್ ತೆಗೆಸಿ ಅಂಟಿಸಿದ್ದಾರೆ. ಒಬ್ಬಳ ಅಮ್ಮ ದಿನಾ ಹೊಳೆಗೆ ಇಳಿದು ಬಳಚು (ಕೆಸರಲ್ಲಿ ಸಿಗುವ ಚಿಪ್ಪುಮೀನು) ತೆಗೆದು ಮಾರುತ್ತಾರೆ, ಅವಳೂ ಓಂ ಬೀಚನ್ನೇ ಬರೆದಿದ್ದಾಳೆ. ಹೊರಗಿನವರು ನೋಡೋಕೆ ಬರುವ ಜಾಗ ಮಾತ್ರ ನಮ್ಮೂರು ಅಂತ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ.

ನನಗೆ ತಿಳಿಯಬೇಕಾದ್ದು ಇಷ್ಟು. ಕುಮಟಾ ಜಿಲ್ಲಾ ಕೇಂದ್ರ ಅಲ್ಲ, ಕಾರವಾರದ ಹಾಗೆ ದೊಡ್ಡ ಬಂದರೂ ಇಲ್ಲ. ಆದರೂ ಹಳೇ ಪೇಟೆ ಇದೆ, ಕನ್ನಡ ಕೊಂಕಣಿ ಎರಡೂ ಆಡುವ ಜನ ಇದ್ದಾರೆ, ಒಳ್ಳೆಯ ಶಾಲೆ ಕಾಲೇಜು ಇವೆ. ಇದೆಲ್ಲ ಎಲ್ಲಿಂದ ಬಂತು? ನಮ್ಮ ಕಡೆಯ ಹತ್ತಿ ಹಿಂದೆ ಕುಮಟಾಕ್ಕೆ ಬರುತ್ತಿತ್ತು ಅಂತ ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ನಿಜವೇ? ಘಟ್ಟ ಇಳಿಸಿ ಇಷ್ಟು ದೂರ ಯಾಕೆ ತರುತ್ತಿದ್ದರು? ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸುವಂಥ ಜಾಗ ಇದ್ದರೆ ಅದನ್ನೂ ಹೇಳಿ. ಬಸ್ ಖರ್ಚು ಜಾಸ್ತಿ ಆಗಬಾರದು.

ಕತಗಾಲ ತಿರುವು

ಅಕ್ಕೋರೇ, ಸ್ಟಾಫ್ ರೂಮಿನಲ್ಲಿ ಹೇಳಿದ್ದು ನಿಜ. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಹೊಯ್ಯುವ ಊರಲ್ಲಿ ಹತ್ತಿ ಎಲ್ಲಿ ನಿಂತೀತು? ಆದರೆ 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಜವಾರಿ ಹತ್ತಿಗೆ ವ್ಯಾಪಾರದವರು ಇಟ್ಟ ಹೆಸರೇ ‘ಕುಮಟಾ ಹತ್ತಿ’. ಯಾಕೆಂದರೆ ಅದು ಹಡಗು ಹತ್ತುತ್ತಿದ್ದದ್ದು ಇಲ್ಲಿ.

ಮಕ್ಕಳಿಗೆ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದು ತೋರಿಸಿ. ಆ ಕಡೆ ನಿಮ್ಮ ಎರೆ ಭೂಮಿ, ನಡುವೆ ಮಲೆನಾಡು, ಆಮೇಲೆ ಘಟ್ಟ, ಆಮೇಲೆ ಸಮುದ್ರ. ಆಗ ರೈಲು ಇಲ್ಲ. ಗದಗ, ಹುಬ್ಬಳ್ಳಿ ಕಡೆಯ ಹತ್ತಿಯನ್ನು ಮುಂಬೈವರೆಗೆ ಎತ್ತಿನ ಬಂಡಿಯಲ್ಲೇ ಸಾಗಿಸುವುದಕ್ಕಿಂತ ಘಟ್ಟ ಇಳಿಸಿ ಪತ್ತೆಮಾರಿಗೆ, ಅಂದರೆ ಹಾಯಿ ಹಡಗಿಗೆ, ತುಂಬುವುದು ಎಷ್ಟೋ ಅಗ್ಗ. ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿಲೋಮೀಟರ್, ಶಿರಸಿಯಿಂದ ಕುಮಟೆಗೆ 60. ಈಗ ಬಸ್ಸಿಗೆ ಅರ್ಧ ದಿನವೂ ಬೇಡ, ಆಗ ಬಂಡಿಗೆ ವಾರದ ದಾರಿ. ದೇವಿಮನೆ ಘಟ್ಟದಲ್ಲಿ ಬಂಡಿ ಇಳಿಯುವ ರಸ್ತೆಗೆ ಅಷ್ಟು ಬೆಲೆ ಬಂದದ್ದು ಇದಕ್ಕೇ.

ಇದರಲ್ಲಿ ಮಕ್ಕಳಿಗೆ ತುಂಬಾ ಹಿಡಿಸುವ ವಿಷಯ ಒಂದಿದೆ, ಕಾಲದ ಲೆಕ್ಕ. ನಿಮ್ಮ ಕಡೆ ಆ ಹತ್ತಿ ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್. ನಮ್ಮ ಸಮುದ್ರ ಜೂನ್ ಬಂದರೆ ಮುಚ್ಚಿತು, ಹಾಯಿ ಹಡಗು ಹೊರಡುವ ಹಾಗಿಲ್ಲ. ಬಿಡಿಸಿ, ಕಾಳು ತೆಗೆದು, ಅಂಡಿಗೆ (ಮೂಟೆ) ಕಟ್ಟಿ, ಘಟ್ಟ ಇಳಿಸಿ, ಹಡಗು ಹತ್ತಿಸುವುದಕ್ಕೆ ಸಿಗುವುದು ಎರಡು ಮೂರು ತಿಂಗಳು. ಮಳೆ ಹಿಡಿಯಿತೋ, ಮಾಲು ಇಲ್ಲೇ ಉಳಿಯಿತು, ಅದನ್ನು ಒಣಗಿಸಿ ಇಟ್ಟುಕೊಳ್ಳಬೇಕು. ಹಾಗಾಗಿ ಪೇಟೆಗೆ ಗೋದಾಮು ಬೇಕು, ಮುಂಗಡ ಕೊಡುವ ಸಾವಕಾರ ಬೇಕು, ಹಮಾಲರು ಬೇಕು, ದೋಣಿಯವರು ಬೇಕು, ಬಂಡಿ ಬಿಡುವುದಕ್ಕೆ ಬಯಲು ಬೇಕು, ಎತ್ತಿಗೆ ಹುಲ್ಲು ನೀರು ಬೇಕು. ವಾಪಸ್ ಹೋಗುವ ಬಂಡಿ ಖಾಲಿ ಹೋಗುತ್ತದೆಯೇ? ಉಪ್ಪು, ತೆಂಗಿನಕಾಯಿ, ಒಣಮೀನು ಹೇರಿಕೊಂಡು ಘಟ್ಟ ಹತ್ತಬೇಕು. ನೀವು ಕೇಳಿದ ಹಳೇ ಪೇಟೆ ನಿಂತಿದ್ದು ಈ ಹೋಗಿ ಬರುವುದರ ಮೇಲೆ.

ದೊಡ್ಡ ಏರಿಕೆ ಬಂದದ್ದು 1861ರಿಂದ 1865ರ ನಡುವೆ. ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು, ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಸಿಗದಾಯಿತು, ನಮ್ಮ ದೇಶದ ಹತ್ತಿಯ ಬೆಲೆ ಒಮ್ಮೆಲೇ ಏರಿತು. ಇದೇ ಹೊತ್ತಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಹತ್ತಿ ಬೆಳೆಯುವ ಧಾರವಾಡ ಮುಂಬೈ ಸರ್ಕಾರದ ಕೈಲಿ, ಅದರ ಬಂದರು ಮದ್ರಾಸಿನವರ ಕೈಲಿ ಅಂದರೆ ರಸ್ತೆ, ಬಂದರು ಯಾವ ಕೆಲಸವೂ ಮುಂದೆ ಹೋಗುವುದಿಲ್ಲ ಅಂತ ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳು ಹಿಂದೆ ಬಿದ್ದಿದ್ದರು.

ಆಮೇಲೆ ರೈಲು ಬಂತು. ಬಂದಿದ್ದು ನಮಗಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ನಿಮ್ಮ ಸೀಮೆಗೆ ಮುಟ್ಟಿತು, ಕ್ಯಾಸಲ್‌ರಾಕ್ ಮೇಲೆ ಗೋವಾದ ಮುರ್ಮಗೋವಾ ಬಂದರಿಗೆ ದಾರಿ ಆಯಿತು. ಹತ್ತಿ ಆ ಕಡೆ ತಿರುಗಿತು. ಕುಮಟೆಗೆ ರೈಲು ಬರಬೇಕಾದರೆ ನೂರು ವರ್ಷದ ಮೇಲಾಯಿತು. ಕೊಂಕಣ ರೈಲ್ವೆ ಪೂರ್ತಿ ತೆರೆದಿದ್ದು 1998ರ ಜನವರಿ 26ಕ್ಕೆ. ಅದೂ ಕರಾವಳಿಯ ಉದ್ದಕ್ಕೆ ಓಡುತ್ತದೆ, ನಮ್ಮ ಹಳೇ ಘಟ್ಟದ ದಾರಿ ಹಿಡಿಯುವುದಿಲ್ಲ.

ನನಗೆ ನಿಜವಾಗಿ ಸಂಕಟ ಆಗುವುದು ಏನೆಂದರೆ, ನಮ್ಮ ಮಕ್ಕಳು ಅಮೆರಿಕದ ಅಂತರ್ಯುದ್ಧವನ್ನು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತಾರೆ. ಆ ಯುದ್ಧದಿಂದ ತಮ್ಮ ಊರಿನ ರಸ್ತೆ ಮೇಲೆ ಬಂಡಿ ಸಾಲು ನಿಂತಿತ್ತು ಅನ್ನುವುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ನೀವು ಹೇಳುತ್ತೀರಿ ಅನ್ನುವುದೇ ಸಂತೋಷ.

ಹೊಳೆ ಆಚೆಯವಳು

ಬಳಚು ತೆಗೆಯುವವರ ಮಗಳ ವಿಷಯ ಓದಿ ಮನಸ್ಸಿಗೆ ತಟ್ಟಿತು. ನಾನೂ ಅಂಥ ಮನೆಯವಳೇ. ಹತ್ತಿ ಬಂತು, ಹೋಯಿತು. ಹೊಳೆ ಇಲ್ಲೇ ಇದೆಯಲ್ಲ ಅಕ್ಕೋರೇ, ಅದರಿಂದ ಶುರು ಮಾಡಿ.

ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ, ಉಂಚಳ್ಳಿಯಲ್ಲಿ ಧುಮುಕಿ, ಕೆಳಗೆ ಬಂದು ತದಡಿ ಹತ್ತಿರ ಸಮುದ್ರ ಸೇರುತ್ತದೆ. ನಡುವೆ ಒಂದು ಅಣೆಕಟ್ಟೂ ಇಲ್ಲ. ಪಕ್ಕದ ಶರಾವತಿ, ಕಾಳಿ ಎರಡಕ್ಕೂ ಅಣೆಕಟ್ಟು ಬಿದ್ದಿದೆ, ಇದಕ್ಕೆ ಬಿದ್ದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಸಿಹಿನೀರು ಪೂರ್ತಿ ಬರುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಏರುತ್ತದೆ. ಈ ಏರಿಳಿತ ಇರುವುದರಿಂದಲೇ ಬಳಚು, ಸಿಗಡಿ, ಏಡಿ, ಮೀನು ಎಲ್ಲ ಇವೆ. ಬಳಚು ತೆಗೆಯುವುದನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸಿ. ಇಳಿತ ಶುರುವಾದಾಗ ಹೆಂಗಸರು ಸೊಂಟದ ಮಟ್ಟದ ನೀರಿಗೆ ಇಳಿಯುತ್ತಾರೆ, ಪಾದದಲ್ಲಿ ಕೆಸರು ಒತ್ತಿ ನೋಡುತ್ತಾರೆ, ಚಿಪ್ಪು ತಗುಲಿದ ಕಡೆ ಬಗ್ಗಿ ಕೈಯಲ್ಲಿ ಬಾಚುತ್ತಾರೆ, ಪಾತ್ರೆಯನ್ನು ನೀರಿನ ಮೇಲೆ ತೇಲಲು ಬಿಟ್ಟು ಅದಕ್ಕೆ ಹಾಕುತ್ತಾರೆ. ಸಣ್ಣದು ಬಂದರೆ ವಾಪಸ್ ಬಿಡುವವರೂ ಇದ್ದಾರೆ. ಚಿಪ್ಪು ಸುಣ್ಣಕ್ಕೆ ಹೋಗುತ್ತದೆ. ಆ ಹುಡುಗಿಯ ಅಮ್ಮನನ್ನು ಒಂದು ದಿನ ತರಗತಿಗೆ ಕರೆದು ಮಾತಾಡಿಸಿ. ಆದರೆ ಇಳಿತದ ಹೊತ್ತಲ್ಲಿ ಕರೆಯಬೇಡಿ, ಅವರ ಅವತ್ತಿನ ದುಡಿಮೆ ಹೋಗುತ್ತದೆ.

ಇನ್ನೊಂದು ಗಜನಿ ಭೂಮಿ. ಹೊಳೆ ದಂಡೆಯ ತಗ್ಗು ಗದ್ದೆ, ಸುತ್ತ ಕಟ್ಟೆ, ನೀರು ಒಳಗೆ ಹೊರಗೆ ಬಿಡಲು ಹಲಗೆಯ ಬಾಗಿಲು. ಮಳೆಗಾಲದಲ್ಲಿ ಅದರಲ್ಲಿ ಕಗ್ಗ ಭತ್ತ. ಉಪ್ಪು ತಡೆಯುತ್ತದೆ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಔಷಧಿ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಈ ಕಟ್ಟೆ ಒಬ್ಬರಿಂದ ಉಳಿಯುವುದಲ್ಲ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ, ಹಾಗಾಗಿ ಎಲ್ಲರೂ ಸೇರಿ ಕಟ್ಟಬೇಕು. ಸಿಗಡಿ ಕೃಷಿಗೆ ಅಂತ ಗುತ್ತಿಗೆಗೆ ಕೊಟ್ಟ ಮೇಲೆ ಎಷ್ಟೋ ಕಡೆ ಭತ್ತ ನಿಂತುಹೋಯಿತು, ಕಟ್ಟೆ ನೋಡುವವರೂ ಇಲ್ಲದಾದರು. ನನಗೆ ಊರಿನ ವಿಷಯದಲ್ಲಿ ಎಲ್ಲಕ್ಕಿಂತ ದುಃಖ ಇದೇ.

ಗೋಕರ್ಣದ ಹತ್ತಿರದ ಸಾಣಿಕಟ್ಟೆಗೆ ಖಂಡಿತ ಕರೆದುಕೊಂಡು ಹೋಗಿ. ಅಲ್ಲಿ ಇವತ್ತಿಗೂ ಉಪ್ಪು ಮಾಡುತ್ತಾರೆ. ಹೊಳೆಯ ಉಪ್ಪುನೀರನ್ನು ಒಳಗೆ ಬಿಟ್ಟು, ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಬಿಸಿಲಿಗೆ ಗಟ್ಟಿ ಮಾಡಿ, ಕೊನೆಗೆ ಹರಳು ಕಟ್ಟಿದ್ದನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ಅಲ್ಲೇ ನಿಂತು ಉಪ್ಪಿನ ಸತ್ಯಾಗ್ರಹ ಹೇಳಿ. ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6ಕ್ಕೆ, ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಕಾನೂನು ಮುರಿದದ್ದು ಏಪ್ರಿಲ್ 13ಕ್ಕೆ. ಒಂದೇ ವಾರ.

ನಿಮಗೆ ಖುಷಿ ಆಗುವ ಇನ್ನೊಂದು ವಿಷಯ: 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯನ್ನು ರಾಮ್ಸರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿಸಿದಾಗ ಜೊತೆಗೇ ಸೇರಿದ್ದು ನಿಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ.

ಡೊಂಬಿವಲಿಯಿಂದ

ಕತಗಾಲದವರು ಚೆನ್ನಾಗಿ ಬರೆದಿದ್ದಾರೆ. ಆದರೆ ರೈಲೊಂದೇ ಕುಮಟೆಯನ್ನು ಕೆಡಿಸಿತು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಂದರಿನ ಜಾಗವೇ ಕಷ್ಟದ್ದು. ತೆರೆದ ಕಡಲು, ದೊಡ್ಡ ಹಡಗಿಗೆ ಮರೆ ಇಲ್ಲ, ದೂರ ನಿಲ್ಲಿಸಿ ದೋಣಿಯಲ್ಲಿ ಮಾಲು ಸಾಗಿಸಬೇಕು. ಕಾರವಾರಕ್ಕೆ ಗುಡ್ಡ, ದ್ವೀಪಗಳ ಮರೆ ಇದೆ, ಹಾಗಾಗಿ ಸರ್ಕಾರದ ಕಣ್ಣು ಅಲ್ಲಿಗೆ ಹೋಯಿತು. ರೈಲು ಬರದೇ ಇದ್ದಿದ್ದರೂ ಉಗಿಹಡಗಿನ ಕಾಲದಲ್ಲಿ ಕುಮಟಾ ಹಿಂದೆ ಬೀಳುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಹಾಗೆ ನೋಡಿದರೆ ಕಾರವಾರಕ್ಕೂ ಘಟ್ಟದಿಂದ ರೈಲು ಸಿಗಲಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಮಾತು ಇವತ್ತಿಗೂ ಮಾತಾಗಿಯೇ ಇದೆ. ಕಾಡು ಕಡಿಯಬೇಕಾಗುತ್ತದೆ ಅನ್ನುವ ವಿರೋಧ ಇದೆ, ಅದೂ ಸುಮ್ನೆ ತಳ್ಳಿಹಾಕುವ ಮಾತಲ್ಲ.

ಪೇಟೆ ಇಳಿದ ಮೇಲೆ ಜನ ಏನು ಮಾಡಿದರು ಅನ್ನುವುದನ್ನೂ ಮಕ್ಕಳಿಗೆ ಹೇಳಿ. 1956ರವರೆಗೆ ನಾವು ಮುಂಬೈ ರಾಜ್ಯದವರು. ಓದಲು, ಕೆಲಸ ಹುಡುಕಲು ಹೋಗುತ್ತಿದ್ದದ್ದು ಧಾರವಾಡ ಇಲ್ಲಾ ಮುಂಬೈ. ಮೊದಲು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಈಗ ಕೊಂಕಣ ರೈಲಿನಲ್ಲಿ. ಹೋದವರು ಊರು ಮರೆಯಲಿಲ್ಲ. ನೀವು ಕೇಳಿದ ಶಾಲೆ ಕಾಲೇಜುಗಳ ಬೇರು ಅಲ್ಲಿದೆ. ಕುಮಟೆಯ ಗಿಬ್ ಹೈಸ್ಕೂಲಿನಲ್ಲಿ ಓದಿ ಹೊರಗೆ ಹೋದವರು ಯಾವ ಊರಲ್ಲಿ ಬೇಕಾದರೂ ಸಿಗುತ್ತಾರೆ. ಮುಂಬೈಯಲ್ಲಿ ಹೆಸರು ಮಾಡಿದ ಸರ್ಜನ್ ಡಾ. ಎ.ವಿ. ಬಾಳಿಗಾ ಅವರ ಹೆಸರಿನ ಕಾಲೇಜು ಕುಮಟೆಯಲ್ಲೇ ಇದೆ. ನಮ್ಮ ಮನೆಯಲ್ಲಿ ಇವತ್ತಿಗೂ ಕೊಂಕಣಿ, ಪತ್ರ ವ್ಯವಹಾರ ಕನ್ನಡ, ಅಂಗಡಿ ಲೆಕ್ಕ ಮರಾಠಿ ಕಲಿತ ಅಜ್ಜಂದಿರದ್ದು. ಆ ಹಳೇ ಲೆಕ್ಕದ ಪುಸ್ತಕಗಳು ಪೇಟೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ. ಯಾರಾದರೂ ಕುಮಟೆಯಲ್ಲೇ ಇರುವವರು ಅವುಗಳ ಫೋಟೊ ಆದರೂ ತೆಗೆದು ಇಡಿ, ದಯವಿಟ್ಟು.

ಗದಗಿನ ಅಕ್ಕೋರು

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ನೋಡುವುದಕ್ಕೆ ನಮ್ಮೂರಿನಿಂದ ಹೋಗುತ್ತಿದ್ದೆವು, ಎರಡೂ ಒಟ್ಟಿಗೆ ಸೇರಿದ್ದು ತಿಳಿದೇ ಇರಲಿಲ್ಲ. ಪ್ರಾಜೆಕ್ಟ್ ಮತ್ತೆ ಬರೆಸುತ್ತೇನೆ. ಈ ಸಲ ಪ್ರತಿ ಮಗುವೂ ತನ್ನ ಮನೆಯವರು ಮಾಡುವ ಕೆಲಸ, ಅದರ ಮಾಲು ಎಲ್ಲಿಗೆ ಹೋಗುತ್ತದೆ, ಯಾವ ತಿಂಗಳು ಕೆಲಸ ಇರುವುದಿಲ್ಲ, ಇದನ್ನು ಕೇಳಿ ಬರೆಯಬೇಕು. ಯಾವ ತಿಂಗಳಲ್ಲಿ ಸುತ್ತಾಡಿಸಿದರೆ ಒಳ್ಳೆಯದು? ಒಂದೇ ದಿನದಲ್ಲಿ ಸಾಣಿಕಟ್ಟೆ, ಹೊಳೆ, ಪೇಟೆ ಮೂರೂ ಆಗುತ್ತದೆಯೇ?

ಕತಗಾಲ ತಿರುವು

ಡೊಂಬಿವಲಿಯವರು ಬಂದರಿನ ಬಗ್ಗೆ ಹೇಳಿದ್ದು ಸರಿ ಇದೆ, ಅದನ್ನೂ ಸೇರಿಸಿಕೊಳ್ಳಿ.

ಅಕ್ಕೋರೇ, ಮಾರ್ಚ್ ಮೊದಲ ವಾರ ನೋಡಿ. ಉಪ್ಪಿನ ಕೆಲಸ ನಡೆಯುತ್ತಿರುತ್ತದೆ, ಪರೀಕ್ಷೆಯೂ ಶುರುವಾಗಿರುವುದಿಲ್ಲ. ಅಷ್ಟೊತ್ತಿಗೆ ವನ್ನಳ್ಳಿ, ಹಂದಿಗೋಣ, ಅಳ್ವೆಕೋಡಿ ಕಡೆ ಸಿಹಿ ಈರುಳ್ಳಿ ಬರಲು ಶುರು. ಹೊಯಿಗೆ (ಮರಳು) ಮಣ್ಣಿನ ಗದ್ದೆ, ಗಡ್ಡೆ ಕಿತ್ತು ಎಲೆ ಸಮೇತ ಹೆಣೆದು ಗೊಂಚಲು ಮಾಡಿ ಹೆದ್ದಾರಿ ಬದಿಗೆ ಕೆಂಪಗೆ ನೇತು ಹಾಕಿರುತ್ತಾರೆ, ನೀವು ನೋಡಿಯೇ ಇರುತ್ತೀರಿ. ಹೆಣೆಯುವುದನ್ನು ಕೂತು ಕಲಿಸುವ ಅಜ್ಜಿಯರು ಇದ್ದಾರೆ, ಕೇಳಿದರೆ ಇಲ್ಲ ಅನ್ನುವುದಿಲ್ಲ.

ಒಂದೇ ದಿನದಲ್ಲಿ ಮೂರೂ ಬೇಡ, ಮಕ್ಕಳು ಸುಸ್ತಾಗುತ್ತಾರೆ. ಸಾಣಿಕಟ್ಟೆಗೆ ಬೆಳಿಗ್ಗೆ ಬೇಗ ಹೋಗಿ ಹತ್ತೂವರೆ ಒಳಗೆ ಮುಗಿಸಿ. ಬಿಸಿಲು ಏರಿದ ಮೇಲೆ ಆ ಬಿಳಿ ಮಡಿಗಳ ಮಧ್ಯೆ ಕಣ್ಣು ಬಿಡಲು ಆಗುವುದಿಲ್ಲ. ಮುಂಚೆಯೇ ಅಲ್ಲಿಯ ಉಪ್ಪಿನ ಸೊಸೈಟಿ ಆಫೀಸಿನಲ್ಲಿ ಕೇಳಿಕೊಳ್ಳಿ. ಇಳಿತದ ಸಮಯ ದಿನಾ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಹೊಳೆಗೆ ಹೋಗುವ ದಿನವನ್ನು ಹೊಳೆ ಆಚೆಯವರನ್ನೇ ಕೇಳಿ ಗೊತ್ತುಮಾಡಿ. ಪೇಟೆಗೆ ಬಸ್ಸೇ ಬೇಡ, ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಡೆಸಿಕೊಂಡು ಬನ್ನಿ. ಹಿಂದಿನ ದಿನ ಇಲ್ಲಿ ಒಂದು ಮಾತು ಹಾಕಿದರೆ ನಾನೂ ಬಂದು ಸೇರಿಕೊಳ್ಳುತ್ತೇನೆ.