ಪದಚರ್ಚೆ: ಕಪ್ಪಿಂಗ್‌ಗೆ ಬಟ್ಟಲೋ, ಕುಡಿಕೆಯೋ?

ಎಲ್ಲರಿಗೂ ನಮಸ್ಕಾರ.

ಚೀನಾದ ಪಾರಂಪರಿಕ ವೈದ್ಯದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಪ್ಪಿಂಗ್’, ಅಂದರೆ ಮೈಮೇಲೆ ಕುಡಿಕೆ ಕವುಚಿ ಚರ್ಮವನ್ನು ಸೆಳೆಯುವ ಚಿಕಿತ್ಸೆ, ಬಂದಲ್ಲೆಲ್ಲ ಕೈ ನಿಲ್ಲುತ್ತಿದೆ. ಪತ್ರಿಕೆಗಳು ‘ಕಪ್ಪಿಂಗ್ ಥೆರಪಿ’ ಎಂದೇ ಬರೆಯುತ್ತವೆ, ತಪ್ಪೇನಿಲ್ಲ. ಆದರೆ ಕಪ್ಪು ಅಂದರೆ ನಮಗೆ ಬಣ್ಣ. ಅದರಿಂದ ಬೆನ್ನ ಮೇಲಾಗುವ ಕಲೆ ನೋಡಿದವರು ಅದಕ್ಕೇ ಈ ಹೆಸರು ಅಂದುಕೊಂಡರೂ ಆಶ್ಚರ್ಯವಿಲ್ಲ!

ಚೀನೀ ಹೆಸರು ‘ಬಾಗ್ವಾನ್’. ‘ಬಾ’ ಅಂದರೆ ಕೀಳು, ಸೆಳೆದು ತೆಗೆ. ‘ಗ್ವಾನ್’ ಅಂದರೆ ಜಾಡಿ, ಕುಡಿಕೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಚಿಮಟದಲ್ಲಿ ಹಿಡಿದು ಹೊತ್ತಿಸುತ್ತಾರೆ. ಗಾಜಿನ ಕುಡಿಕೆಯೊಳಗೆ ಅದನ್ನು ಒಮ್ಮೆ ಆಡಿಸಿ ತೆಗೆದು, ತಕ್ಷಣ ಕುಡಿಕೆಯನ್ನು ಬೆನ್ನ ಮೇಲೆ ಕವುಚುತ್ತಾರೆ. ಒಳಗಿನ ಬಿಸಿ ಗಾಳಿ ಆರುತ್ತಿದ್ದಂತೆ ಒತ್ತಡ ಇಳಿದು ಚರ್ಮ ಉಬ್ಬುತ್ತದೆ. ಸಾಮಾನ್ಯವಾಗಿ 5ರಿಂದ 15 ನಿಮಿಷ ಹಾಗೇ ಬಿಡುತ್ತಾರೆ. ಈಗ ಪಂಪಿನಿಂದ ಗಾಳಿ ಎಳೆಯುವ ಪ್ಲಾಸ್ಟಿಕ್ ಕುಡಿಕೆಗಳೂ ಬಂದಿವೆ. ಹಾಗಾಗಿ ಹೆಸರಿನಲ್ಲಿ ಬೆಂಕಿ ಬೇಡ. ‘ನಂಜು ತೆಗೆಯುವುದು’ ಅಂತಲೂ ಕೆಲವರು ಬರೆಯುತ್ತಾರೆ. ಅದು ಮಾಡುವವರ ಹೇಳಿಕೆ ಅಷ್ಟೆ, ನಾವು ಹೆಸರಿಗೇ ಸೇರಿಸಿಕೊಳ್ಳಬೇಕಾಗಿಲ್ಲ.

‘ಬಟ್ಟಲು ಚಿಕಿತ್ಸೆ’ ನನಗೆ ಒಪ್ಪಿಗೆಯಾಗಲಿಲ್ಲ. ಬಟ್ಟಲಿನ ಬಾಯಿ ಅಗಲ. ಇದರದು ಹೊಟ್ಟೆ ದಪ್ಪ, ಬಾಯಿ ಕಿರಿದು. ಕುಡಿಕೆಯೇ ಸರಿ, ಅಲ್ವಾ?

ಜಾಸ್ತಿ ತಲೆನೋವು ಕ್ರಿಯಾಪದದ್ದು. ‘ಇಡುವುದು’ ಸಪ್ಪೆ. ‘ಹೀರುವುದು’ ಅಂದರೆ ಏನನ್ನು ಅನ್ನೋ ಪ್ರಶ್ನೆ ಬರುತ್ತದೆ. ನಾನು ‘ಕಚ್ಚಿಸುವುದು’ ಅಂತ ಬಳಸಿ ನೋಡಿದೆ. ಕುಡಿಕೆಯನ್ನು ಹಾಗೇ ಬಿಟ್ಟರೆ ‘ಲ್ಯೂಗ್ವಾನ್’, ಎಣ್ಣೆ ಸವರಿ ಬೆನ್ನುದ್ದಕ್ಕೂ ಜಾರಿಸಿದರೆ ‘ತ್ಸೌಗ್ವಾನ್’, ಇಟ್ಟ ತಕ್ಷಣ ಕಿತ್ತು ಮತ್ತೆ ಇಡುತ್ತ ಹೋದರೆ ‘ಶಾನ್‌ಗ್ವಾನ್’. ಕನ್ನಡದಲ್ಲಿ ಕಚ್ಚಿಸಿ ಬಿಡುವುದು, ಕಚ್ಚಿಸಿ ಎಳೆಯುವುದು, ಕಚ್ಚಿಸಿ ಕೀಳುವುದು. ಮೂರೂ ಸಲೀಸಾಗಿ ಕೂತವು.

ಕಪ್ಪಿಂಗ್‌ಗೆ ‘ಹಿಜಾಮಾ’ ಅನ್ನೋ ಹೆಸರೇ ಇದೆಯಲ್ಲ ಅನ್ನಬಹುದು. ಯುನಾನಿ ವೈದ್ಯದಿಂದಾಗಿ ನಮ್ಮಲ್ಲಿ ಆ ಹೆಸರು ಗೊತ್ತಿದೆ. ರಾಷ್ಟ್ರೀಯ ಯುನಾನಿ ಸಂಸ್ಥೆ ಇರುವುದೂ ಬೆಂಗಳೂರಿನಲ್ಲೇ. ಆದರೆ ಹಿಜಾಮಾ ಅಂದ ಕೂಡಲೇ ಜನರಿಗೆ ನೆನಪಾಗುವುದು ಚರ್ಮ ಗೀರಿ ರಕ್ತ ತೆಗೆಯುವುದು. ಬಾಗ್ವಾನ್‌ನಲ್ಲಿ ಹಾಗೆ ಮಾಡುವ ಬಗೆಯೂ ಉಂಟು, ಆದರೆ ಬಹುಪಾಲು ಗೀರುವುದಿಲ್ಲ.

ಈಗ ಹಳಬರಿಗೆ ನನ್ನ ಪ್ರಶ್ನೆ. ಚೀನಾದಲ್ಲಿ ಮೊದಲು ಬಳಸುತ್ತಿದ್ದುದು ಪ್ರಾಣಿಯ ಕೊಂಬು. ಕ್ರಿ.ಪೂ. 168ರಲ್ಲಿ ಮುಚ್ಚಿದ ಮಾವಾಂಗ್‌ದ್ವೇ ಸಮಾಧಿಯಲ್ಲಿ 1973ರಲ್ಲಿ ಸಿಕ್ಕ ರೇಷ್ಮೆ ಬರಹಗಳಲ್ಲಿ ಮೂಲವ್ಯಾಧಿಗೆ ಕೊಂಬು ಬಳಸುವ ಮಾತಿದೆ. ನಮ್ಮ ಸುಶ್ರುತ ಸಂಹಿತೆಯೂ ರಕ್ತ ತೆಗೆಯಲು ಜಿಗಣೆಯ ಜೊತೆ ಕೊಂಬು, ಸೋರೆಬುರುಡೆ ಎರಡನ್ನೂ ಹೇಳುತ್ತದೆ. ಬುರುಡೆಯೊಳಗೆ ದೀಪ ಇಡಬೇಕಂತೆ, ಅದೇ ಬಿಸಿಗಾಳಿಯ ಉಪಾಯ! ಹೀಗೆ ಬಳಸುವ ಕೊಂಬಿಗೆ ಹಿಂದಿಯಲ್ಲಿ ‘ಸಿಂಗಿ’ ಅನ್ನುತ್ತಾರೆ. ಕನ್ನಡದ ಹಳ್ಳಿಗಳಲ್ಲಿ ‘ಕೊಂಬು ಹಚ್ಚುವುದು’, ‘ಬುರುಡೆ ಹಾಕುವುದು’ ಥರದ ಮಾತು ಯಾರಾದರೂ ಕೇಳಿದ್ದೀರಾ? ಹೊಕ್ಕುಳ ಜರುಗಿತೆಂದು ದೀಪ ಇಟ್ಟು ಚೊಂಬು ಕವುಚುತ್ತಾರಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?

ಇನ್ನೊಂದು ಸಣ್ಣ ವಿಷಯ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಮೈಮೇಲೆ ಕಂಡ ದುಂಡು ಕಲೆಗಳಿಗೆ ಕನ್ನಡದಲ್ಲಿ ಏನನ್ನಬೇಕು? ‘ಬಾಸುಂಡೆ’ ಹೊಂದುವುದಿಲ್ಲ, ಅದು ಏಟು ಬಿದ್ದು ಊದಿದ್ದು. ಇದು ಚರ್ಮದಡಿಯ ಸಣ್ಣ ರಕ್ತನಾಳ ಒಡೆದು ಆದ ಕಲೆ. ಸದ್ಯಕ್ಕೆ ‘ನೆತ್ತರು ಕಟ್ಟಿದ ಗುರುತು’ ಅಂತ ಬರೆದಿದ್ದೇನೆ, ಉದ್ದವಾಯಿತು. ಚಿಕ್ಕ ಪದ ಇದ್ದರೆ ತಿಳಿಸಿ.